ದೇವರ ವೀಳ್ಯವೂ ತಂಬಾಕೂ

ಸೊಲ್ಲಾಪುರ, ಅಕ್ಕಲಕೋಟೆ ಸೀಮೆಯಲ್ಲಿ ಎಲೆ ಅಡಿಕೆಯೊಡನೆ ತಂಬಾಕು ತಿನ್ನುವವರು ಬಹಳ. ಆದರೆ ದೇವರ ವೀಳ್ಯಕ್ಕೆ ತಂಬಾಕು ಸಲ್ಲುತ್ತದೆಯೇ? ಇದಕ್ಕೆ ಇತಿಹಾಸವೇ ಉತ್ತರ ಕೊಡುತ್ತದೆ.

ಶ್ರೀ ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದ 12ನೇ ಶತಮಾನದಲ್ಲಿ ತಂಬಾಕು ಈ ದೇಶದಲ್ಲೇ ಇರಲಿಲ್ಲ. ಅದೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ತಾಂಬೂಲದ ಮಾತೂ ಧೂಪದ ಮಾತೂ ವಿವರವಾಗಿ ಬಂದಿವೆ. ಎಲೆ, ಅಡಿಕೆ, ಸುಣ್ಣ, ಕರ್ಪೂರ ಅಲ್ಲಿವೆ, ತಂಬಾಕಿನ ಹೆಸರಿಲ್ಲ.

ತಂಬಾಕು ಅಮೇರಿಕ ಖಂಡದ ಗಿಡ. ಪೋರ್ಚುಗೀಸರು ಅದನ್ನು ಹಡಗಿನಲ್ಲಿ ತಂದರು. 1604ರ ಸುಮಾರಿಗೆ ವಿಜಾಪುರಕ್ಕೆ ಬಂದಿದ್ದ ಅಸದ್ ಬೇಗನೆಂಬ ಮೊಗಲ ಅಧಿಕಾರಿ ಅದನ್ನು ಅಲ್ಲಿ ಮೊದಲ ಸಲ ಕಂಡು ಅಕ್ಬರ ಬಾದಶಹನಿಗೆ ಒಯ್ದನು. ಬಾದಶಹನು ಸೇದಿ ನೋಡಿದಾಗ ಅವನ ವೈದ್ಯನು ಬೇಡವೆಂದನು. 1617ರಲ್ಲಿ ಜಹಾಂಗೀರನು ತಂಬಾಕು ಸೇದುವುದನ್ನೇ ನಿಷೇಧಿಸಿದನು.

ಗುಗ್ಗುಳದ ಮಾತು ಬೇರೆ. ಬೆಂಗಾಡಿನ ಮುಳ್ಳುಗಿಡದ ಈ ಅಂಟಿನ ಹೆಸರು ಅಥರ್ವವೇದದಲ್ಲಿಯೇ ಇದೆ. ಶ್ರೀ ವೀರಭದ್ರ ದೇವರ ಗುಗ್ಗುಳ ಸೇವೆಗೆ ಹೆಸರು ಬಂದದ್ದೂ ಅದರಿಂದಲೇ.

ಆದ್ದರಿಂದ ಜಾತ್ರೆಗೆ ಬರುವ ಸದ್ಭಕ್ತರು ದೇವರಿಗೆ ಎಲೆ, ಅಡಿಕೆ, ಕರ್ಪೂರ, ಗುಗ್ಗುಳಗಳನ್ನೇ ಅರ್ಪಿಸಲಿ. ತಂಬಾಕಿನ ಚಂಚಿ ಗುಡಿಯ ಹೊರಗೇ ಇರಲಿ.