ಮೌನದ ಆಟ ಸೋತ ದಿನ

ಮಗು ರಚ್ಚೆ ಹಿಡಿದಾಗ ‘ಬಾಯಿ ಮುಚ್ಚು’ ಎಂದು ಗದರುವುದು ನಮ್ಮಲ್ಲಿ ಬಹಳ ಹಳೆಯ ರೂಢಿ. ನಮ್ಮ ಹಿರಿಯರು ಕಲಿತ ಶಾಲೆಗಳಲ್ಲಿ ನಾಗರಬೆತ್ತವೇ ಶಿಸ್ತನ್ನು ಕಾಯುತ್ತಿತ್ತು. ಅಳು, ಸಿಟ್ಟು, ದಿಗಿಲುಗಳನ್ನು ನುಂಗಿಕೊಂಡ ಮಗು ಜಾಣಮಗು ಎನಿಸಿಕೊಳ್ಳುತ್ತಿತ್ತು. ಭಾವವನ್ನು ಅಡಗಿಸುವುದಕ್ಕೂ ಪಳಗಿಸುವುದಕ್ಕೂ ವ್ಯತ್ಯಾಸವಿದೆಯೆಂದು ನಮ್ಮ ದೇಶದ ಕೆಲವು ಶಿಕ್ಷಕರು ಕಂಡುಕೊಂಡ ಬಗೆಯನ್ನು ಇಲ್ಲಿ ನೆನೆಯಬಯಸುತ್ತೇವೆ.

1907ರ ಜನವರಿ 6ರಂದು ವೈದ್ಯೆ ಮರಿಯಾ ಮಾಂಟೆಸ್ಸೊರಿಯವರು ರೋಮ್ ನಗರದ ಸ್ಯಾನ್ ಲೊರೆಂಜೊ ಎಂಬ ಬಡ ಬಡಾವಣೆಯಲ್ಲಿ ‘ಮಕ್ಕಳ ಮನೆ’ಯನ್ನು ತೆರೆದರು. ಅವರು ರೂಪಿಸಿದ ಆಟಗಳಲ್ಲಿ ಮೌನದ ಆಟವೂ ಒಂದು. ಮಕ್ಕಳು ಕೈಕಾಲು ಅಲುಗಿಸದೆ ಕೂರುತ್ತಾರೆ. ಶಿಕ್ಷಕಿ ದೂರದಿಂದ ಪಿಸುದನಿಯಲ್ಲಿ ಒಬ್ಬೊಬ್ಬರ ಹೆಸರನ್ನು ಕರೆಯುತ್ತಾರೆ. ಹೆಸರು ಕೇಳಿದ ಮಗು ಸದ್ದಿಲ್ಲದೆ ಎದ್ದು ಬರುತ್ತದೆ. ಸರದಿಗಾಗಿ ಕಾಯುವುದನ್ನೂ ಮನಸ್ಸಿನ ತುಡಿತವನ್ನು ತಡೆದುಕೊಳ್ಳುವುದನ್ನೂ ಮಗು ಇಲ್ಲಿ ಆಟದ ಆಸೆಯಿಂದಲೇ ಕಲಿಯುತ್ತದೆ.

ಈ ವಿಚಾರ ಗುಜರಾತಿನ ಭಾವನಗರಕ್ಕೆ ಬಂದದ್ದು ಗಿಜುಭಾಯಿ ಬಧೇಕಾ ಅವರ ಮೂಲಕ. ವಕೀಲರಾಗಿದ್ದ ಅವರಿಗೆ 1913ರಲ್ಲಿ ಮಗ ಹುಟ್ಟಿದ. ಅವನನ್ನು ಬೆಳೆಸುವ ಚಿಂತೆಯೇ ಅವರನ್ನು ಮಾಂಟೆಸ್ಸೊರಿಯವರ ಬರಹಗಳತ್ತ ಕರೆದೊಯ್ದಿತು. 1916ರಲ್ಲಿ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು. 1920ರಲ್ಲಿ ಅಲ್ಲಿ ಬಾಲಮಂದಿರ ಆರಂಭವಾಯಿತು. ಜನ ಅವರನ್ನು ‘ಮೀಸೆಯ ತಾಯಿ’ ಎಂದು ಕರೆದರು.

ಅವರ ‘ದಿವಾಸ್ವಪ್ನ’ ಎಂಬ ಕಥನದಲ್ಲಿ ಲಕ್ಷ್ಮೀರಾಮನೆಂಬ ಶಿಕ್ಷಕ ಮೊದಲ ದಿನವೇ ತರಗತಿಯಲ್ಲಿ ಮೌನದ ಆಟ ಆಡಿಸಲು ಹೊರಡುತ್ತಾನೆ. ಮಕ್ಕಳು ಗಲಾಟೆಯೆಬ್ಬಿಸಿ ಅವನನ್ನೇ ಗೇಲಿ ಮಾಡುತ್ತಾರೆ. ಲಕ್ಷ್ಮೀರಾಮ ಕೋಲು ಹಿಡಿಯುವುದಿಲ್ಲ. ಆ ದಿನ ರಜೆ ಕೊಟ್ಟು ತನ್ನ ಎಣಿಕೆಯಲ್ಲೇ ತಪ್ಪಿತ್ತೆಂದು ಒಪ್ಪಿಕೊಳ್ಳುತ್ತಾನೆ. ಮರುದಿನ ಕಥೆ ಹೇಳತೊಡಗಿದಾಗ, ಆಜ್ಞೆಗೆ ಬಗ್ಗದ ಅದೇ ಮಕ್ಕಳು ತಾವಾಗಿಯೇ ಸುಮ್ಮನಾಗುತ್ತಾರೆ. ಮಕ್ಕಳ ಶಿಕ್ಷಣದ ಇತಿಹಾಸದಲ್ಲಿ ಈ ಸೋಲಿಗೆ ನಾವು ದೊಡ್ಡ ಸ್ಥಾನ ಕೊಡುತ್ತೇವೆ. ಮಕ್ಕಳ ಮನಸ್ಸು ತಣಿಯುವ ಮೊದಲು ಶಿಕ್ಷಕನ ಅಹಂಕಾರ ತಣಿಯಬೇಕಾಯಿತು.

1939ರ ಜೂನ್‌ನಲ್ಲಿ ಗಿಜುಭಾಯಿ ತೀರಿಕೊಂಡರು. ಅದೇ ವರ್ಷದ ನವೆಂಬರಿನಲ್ಲಿ ಮಾಂಟೆಸ್ಸೊರಿಯವರು ಮದರಾಸಿನ ಅಡ್ಯಾರಿಗೆ ಬಂದು ಶಿಕ್ಷಕರಿಗೆ ತರಬೇತಿ ಕೊಡತೊಡಗಿದರು. ಇತ್ತ ಬಾಲಮಂದಿರದಲ್ಲಿ ಗಿಜುಭಾಯಿಯವರ ಜೊತೆಗೆ ದುಡಿದಿದ್ದ ತಾರಾಬಾಯಿ ಮೋಡಕ್ ಅವರು 1945ರಲ್ಲಿ ಮುಂಬಯಿಯ ಉತ್ತರಕ್ಕಿರುವ ಬೋರ್ಡಿಯಲ್ಲಿ, ಮುಂದೆ ಕೋಸಬಾಡದಲ್ಲಿ, ಅನುತಾಯಿ ವಾಘ್ ಅವರೊಡನೆ ಬಡವರ ಹಾಗೂ ಆದಿವಾಸಿಗಳ ಮಕ್ಕಳಿಗಾಗಿ ಬಾಲವಾಡಿಗಳನ್ನು ನಡೆಸಿದರು. ಮಕ್ಕಳು ಶಾಲೆಗೆ ಬಾರದಿದ್ದಲ್ಲಿ ಶಾಲೆಯೇ ಅವರ ಅಂಗಳಕ್ಕೆ ಹೋಯಿತು. ಹೆದರಿದ ಮಗುವನ್ನು ಎಳೆದು ತರುವುದಕ್ಕಿಂತ, ಅದು ಹೆದರದ ಜಾಗಕ್ಕೆ ನಾವೇ ಹೋಗುವುದು ಲೇಸೆಂಬ ಪಾಠವನ್ನು ನಾವು ಇದರಲ್ಲಿ ಕಾಣುತ್ತೇವೆ.

ಹೊರನಾಡಿನಲ್ಲಿ ಸಂಸಾರ ಹೂಡಿದ ನಮಗೆ ಈ ಇತಿಹಾಸ ದೂರದ್ದಲ್ಲ. ವರ್ಗವಾದಾಗ ಊರು, ಶಾಲೆ, ಗೆಳೆಯರನ್ನು ಒಮ್ಮೆಗೇ ಬಿಟ್ಟುಬಂದ ಮಗು ಸಂಜೆ ಸಣ್ಣದೊಂದು ನೆಪ ಹಿಡಿದು ಹಠ ಮಾಡುತ್ತದೆ. ದಣಿದು ಬಂದ ನಾವು ಗದರುತ್ತೇವೆ. ಮುನಿಸು, ಸೆಡವು, ದಿಗಿಲು, ಹೊಟ್ಟೆಕಿಚ್ಚು, ಬೇಸರ ಎಂದು ನಮ್ಮ ನುಡಿಯಲ್ಲಿ ಒಂದೊಂದು ಭಾವಕ್ಕೂ ಒಂದೊಂದು ಹೆಸರಿದೆ. ನಮ್ಮ ಮಕ್ಕಳ ಬಾಯಲ್ಲಿ ಇವೆಲ್ಲವೂ ಸೇರಿ ‘ಬೋರ್’ ಎಂಬ ಒಂದೇ ಪದವಾಗಿವೆ. ಹೆಸರೇ ತಿಳಿಯದ ನೋವನ್ನು ಮಗು ಹೇಳಿಕೊಳ್ಳುವುದಾದರೂ ಹೇಗೆ?

ನಮ್ಮ ಅಜ್ಜಿಯಂದಿರು ದಿವಾಸ್ವಪ್ನವನ್ನು ಓದಿದವರಲ್ಲ. ಆದರೂ ಅತ್ತ ಮಗುವನ್ನು ಮಡಿಲಿಗೆಳೆದುಕೊಂಡು ಕಾಗಕ್ಕ ಗುಬ್ಬಕ್ಕನ ಕಥೆ ಹೇಳುತ್ತಿದ್ದರು. ಮಳೆಯಲ್ಲಿ ಮನೆ ಕಳೆದುಕೊಂಡ ಕಾಗಕ್ಕ ಗುಬ್ಬಕ್ಕನ ಬಾಗಿಲು ಬಡಿದು ಹೊರಗೆ ನೆನೆಯುತ್ತಾ ಕಾಯುವಾಗ, ಮಗುವಿಗೆ ತನ್ನ ದುಃಖವನ್ನು ಇನ್ನೊಬ್ಬರಲ್ಲಿ ನೋಡುವ ಅವಕಾಶ ಸಿಗುತ್ತಿತ್ತು. ಭಾವನಗರದ ಶಿಕ್ಷಕರು ಪ್ರಯೋಗದಿಂದ ಕಂಡುಕೊಂಡದ್ದನ್ನು ಅಜ್ಜಿಯರು ಬಾಳಿನಿಂದಲೇ ಅರಿತಿದ್ದರು. ಇಂದು ಅಜ್ಜಿ ಊರಿನಲ್ಲಿದ್ದಾರೆ. ಮಗು ನಮ್ಮ ಬಳಿ ಇದೆ. ಗದರುವ ಮುನ್ನ ಒಂದು ಗಳಿಗೆ ನಾವೇ ಸುಮ್ಮನಾಗಿ, ಆಮೇಲೆ ಆ ಕಥೆಯನ್ನು ಕನ್ನಡದಲ್ಲಿ ಹೇಳುವ ಹೊಣೆ ಈಗ ನಮ್ಮದು.