ಮನೆಯಿಂದಲೇ ಕೇಳಿ ಯುದ್ಧ ಚರಿತ್ರೆ: ಲಂಡನ್ನಿನ ಸೇನಾ ವಸ್ತುಸಂಗ್ರಹಾಲಯದ ಉಚಿತ ಉಪನ್ಯಾಸಗಳು

ಲಂಡನ್ನಿನ ಚೆಲ್ಸಿಯಲ್ಲಿರುವ ನ್ಯಾಷನಲ್ ಆರ್ಮಿ ಮ್ಯೂಸಿಯಂ ಬ್ರಿಟಿಷ್ ಭೂಸೇನೆಯ ಇತಿಹಾಸವನ್ನು ಕಾಪಿಟ್ಟಿರುವ ಸಂಸ್ಥೆ. 1947ಕ್ಕೆ ಮುಂಚಿನ ಭಾರತೀಯ ಸೇನೆಯ ಇತಿಹಾಸವೂ ಅದರ ವ್ಯಾಪ್ತಿಗೆ ಸೇರಿದೆ. ಅದು ಏರ್ಪಡಿಸುವ ಸೇನಾ ಇತಿಹಾಸದ ಉಪನ್ಯಾಸಗಳನ್ನು ಅಂತರಜಾಲದ ಮೂಲಕ ಉಚಿತವಾಗಿ ಆಲಿಸಬಹುದಾಗಿದೆ.

ಹಿನ್ನೆಲೆ

1960ರಲ್ಲಿ ರಾಜಸನ್ನದಿನ ಮೂಲಕ ಸ್ಥಾಪನೆಗೊಂಡ ಸಂಗ್ರಹಾಲಯವು ಮೊದಲು ಸ್ಯಾಂಡ್‌ಹರ್ಸ್ಟ್‌ನಲ್ಲಿತ್ತು. 1971ರಲ್ಲಿ ಚೆಲ್ಸಿಯ ಕಟ್ಟಡದಲ್ಲಿ ತೆರೆಯಿತು. ನವೀಕರಣಕ್ಕಾಗಿ 2014ರಲ್ಲಿ ಮುಚ್ಚಿ, 2017ರ ಮಾರ್ಚ್‌ನಲ್ಲಿ ಪುನರಾರಂಭಗೊಂಡಿತು. ಪ್ರವೇಶ ಉಚಿತ. ಸಭಾಂಗಣಕ್ಕೆ ಸೀಮಿತವಾಗಿದ್ದ ಉಪನ್ಯಾಸಗಳನ್ನು ಅಂತರಜಾಲಕ್ಕೆ ತಂದದ್ದು 2020ರ ಕೋವಿಡ್ ನಿರ್ಬಂಧ. ಇತಿಹಾಸಕಾರರು, ಲೇಖಕರು, ಸಂಗ್ರಹಾಲಯದ ತಜ್ಞರು ಮಾತನಾಡುತ್ತಾರೆ. ಕೇಳುಗರು ಪ್ರಶ್ನೆಗಳನ್ನು ಬರೆದು ಕಳುಹಿಸಬಹುದು.

ಮತ ಬದಲಿಸಿದ ವಾದ

ಇಂಥ ಉಪನ್ಯಾಸಗಳ ಪ್ರಭಾವ ಅಲ್ಪವೇನಲ್ಲ. ಬ್ರಿಟನ್ನಿನ ಶ್ರೇಷ್ಠ ಕದನ ಯಾವುದೆಂದು ನಿರ್ಧರಿಸಲು ಸಂಗ್ರಹಾಲಯವು 2013ರಲ್ಲಿ ಚರ್ಚೆಯೊಂದನ್ನು ನಡೆಸಿತು. ವಾಟರ್ಲೂ, ನಾರ್ಮಂಡಿಗಳಂಥ ಪ್ರಸಿದ್ಧ ಹೆಸರುಗಳು ಕಣದಲ್ಲಿದ್ದವು. ಆದರೆ ಇತಿಹಾಸಕಾರ ರಾಬರ್ಟ್ ಲೈಮನ್ ಮಂಡಿಸಿದ ವಾದವನ್ನು ಕೇಳಿದ ಸಭಿಕರು 1944ರ ಇಂಫಾಲ-ಕೊಹಿಮಾ ಕದನಕ್ಕೆ ಅಗ್ರಸ್ಥಾನ ನೀಡಿದರು. ವಿಲಿಯಂ ಸ್ಲಿಮ್ ನೇತೃತ್ವದಲ್ಲಿ ಜಪಾನೀಯರನ್ನು ಹಿಮ್ಮೆಟ್ಟಿಸಿದ ಹದಿನಾಲ್ಕನೇ ಸೇನೆಯಲ್ಲಿ ಬಹುಸಂಖ್ಯಾತರು ಭಾರತೀಯ ಯೋಧರು. ಆ ಸೇನೆಯನ್ನು 'ಮರೆತುಹೋದ ಸೇನೆ' ಎಂದೇ ಕರೆಯಲಾಗುತ್ತಿತ್ತು.

ಮೈಸೂರಿನ ನಂಟು

ಕರ್ನಾಟಕಕ್ಕೂ ಈ ಇತಿಹಾಸಕ್ಕೂ ನೇರ ಸಂಬಂಧವಿದೆ. 1799ರ ಮೇ 4ರಂದು ಶ್ರೀರಂಗಪಟ್ಟಣ ಪತನಗೊಂಡು ಟಿಪ್ಪು ಸುಲ್ತಾನ್ ಹತನಾದ ನಂತರ ಅಲ್ಲಿನ ಸಂಪತ್ತು ವಿಜಯಿ ಸೈನ್ಯದ ಪಾಲಾಯಿತು. ಟಿಪ್ಪುವಿನ ಪ್ರಸಿದ್ಧ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ವಶಪಡಿಸಿಕೊಂಡ ಅಶ್ವದಳಗಳಲ್ಲಿ ಜೋಧಪುರದ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಪಡೆಯೂ ಇತ್ತು.

ಈ ಯುದ್ಧಗಳ ಲಿಖಿತ ದಾಖಲೆಗಳಲ್ಲಿ ಹೆಚ್ಚಿನವು ಬ್ರಿಟಿಷ್ ಅಧಿಕಾರಿಗಳ ಪತ್ರ, ದಿನಚರಿ, ವರದಿಗಳು. ಅವರೊಡನೆ ಅಥವಾ ಅವರ ವಿರುದ್ಧ ಹೋರಾಡಿದ ಸಾಮಾನ್ಯ ಸಿಪಾಯಿಯ ಬರಹ ಅತಿ ವಿರಳ. ಆದ್ದರಿಂದ ಉಪನ್ಯಾಸಕಾರರು ಆಧರಿಸಿದ ದಾಖಲೆ ಯಾರದು ಎಂಬುದನ್ನು ಗಮನಿಸುವುದು ಕೇಳುಗರಿಗೆ ಅಗತ್ಯ. ಲಾವಣಿ, ವೀರಗಲ್ಲು, ಸ್ಥಳಪುರಾಣಗಳನ್ನು ಬಲ್ಲ ಇಲ್ಲಿನ ಕೇಳುಗರು ಕೇಳುವ ಪ್ರಶ್ನೆಗೆ ಇಲ್ಲಿಯೇ ಬೆಲೆ ಬರುತ್ತದೆ.

ಕೇಳುವ ಬಗೆ

ಉಪನ್ಯಾಸಗಳು ಇಂಗ್ಲಿಷಿನಲ್ಲಿರುತ್ತವೆ. ಸಂಗ್ರಹಾಲಯದ ಜಾಲತಾಣದಲ್ಲಿ ವೇಳಾಪಟ್ಟಿ ನೋಡಿಕೊಂಡು ಹೆಸರು ನೋಂದಾಯಿಸಬೇಕು. ಲಂಡನ್ನಿನಲ್ಲಿ ನಡುಹಗಲು 12 ಗಂಟೆಯಾದಾಗ ಭಾರತದಲ್ಲಿ ಚಳಿಗಾಲದಲ್ಲಿ ಸಂಜೆ 5.30, ಬೇಸಿಗೆಯಲ್ಲಿ 4.30. ಆ ವೇಳೆ ಬಿಡುವಿಲ್ಲದವರು ಯೂಟ್ಯೂಬ್‌ನಲ್ಲಿರುವ ಧ್ವನಿಮುದ್ರಿತ ಉಪನ್ಯಾಸಗಳನ್ನು ಬಿಡುವಾದಾಗ ಆಲಿಸಬಹುದು.