ಗಂಧೋತ್ಕಟ ಶ್ರೇಷ್ಠಿ ಮತ್ತು ಪೋಷಕ ಧರ್ಮ

ಹೆತ್ತವರಿಂದ ಅಗಲಿದ ಮಗುವನ್ನು ಸಾಕಿ ಸಲಹುವುದು ಪುಣ್ಯಕಾರ್ಯವೆಂದು ಎಲ್ಲರೂ ಒಪ್ಪುತ್ತಾರೆ. ಆದರೆ ಆ ಮಗು ಕೋಪ ಬಂದಾಗ ಕೈಗೆ ಸಿಕ್ಕಿದ್ದನ್ನು ಒಡೆಯುತ್ತಿದ್ದರೆ, ಅನ್ನವನ್ನು ಕದ್ದು ಬಚ್ಚಿಡುತ್ತಿದ್ದರೆ, ರಾತ್ರಿಯೆಲ್ಲ ನಿದ್ರಿಸದೆ ಹೆದರುತ್ತಿದ್ದರೆ, ಸಾಕುವವರ ಕರ್ತವ್ಯವೇನು? ಜೀವಂಧರನ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಉತ್ತರದ ಎಳೆಯೊಂದಿದೆ.

9ನೆಯ ಶತಮಾನದ ಗುಣಭದ್ರಾಚಾರ್ಯರ ಉತ್ತರಪುರಾಣದಲ್ಲಿ ಬರುವ ಈ ಕಥೆಯನ್ನು ವಾದೀಭಸಿಂಹರು ಸಂಸ್ಕೃತದ ‘ಕ್ಷತ್ರಚೂಡಾಮಣಿ’ಯಲ್ಲಿ ವಿಸ್ತರಿಸಿದರು. ಭಾಸ್ಕರ ಕವಿಯು 1424ರಲ್ಲಿ ಪೆನುಗೊಂಡೆಯಲ್ಲಿ ಅದನ್ನು ಕನ್ನಡ ಭಾಮಿನೀ ಷಟ್ಪದಿಗೆ ತಂದನು. ಮಂತ್ರಿ ಕಾಷ್ಠಾಂಗಾರನ ದ್ರೋಹದಿಂದ ರಾಜ ಸತ್ಯಂಧರನು ಮಡಿದಾಗ, ರಾಣಿ ವಿಜಯೆ ಶ್ಮಶಾನದಲ್ಲಿ ಗಂಡುಮಗುವನ್ನು ಹೆತ್ತಳು. ತನ್ನ ಮೃತ ಶಿಶುವಿನ ಸಂಸ್ಕಾರಕ್ಕೆಂದು ಅಲ್ಲಿಗೆ ಬಂದ ಗಂಧೋತ್ಕಟನೆಂಬ ವರ್ತಕನು ಆ ಮಗುವನ್ನು ಮನೆಗೆ ಒಯ್ದು ಮಗನಂತೆಯೇ ಬೆಳೆಸಿದನು.

ಜನ್ಮವೃತ್ತಾಂತವನ್ನು ಬಾಲಕನಿಂದ ಮುಚ್ಚಿಡಲಾಗಿತ್ತು. ಗುರು ಆರ್ಯನಂದಿಯು ಅದನ್ನು ತಿಳಿಸಿದೊಡನೆ ಜೀವಂಧರನು ಕೋಪದಿಂದ ಕಾಷ್ಠಾಂಗಾರನನ್ನು ಕೊಲ್ಲಲು ಹೊರಟನು. ಗುರುವು ಅವನನ್ನು ಬೈಯಲಿಲ್ಲ, ಆ ಕೋಪವು ಅಕಾರಣವೆಂದೂ ಹೇಳಲಿಲ್ಲ. ಒಂದು ವರ್ಷದ ತಾಳ್ಮೆಯನ್ನೇ ಗುರುದಕ್ಷಿಣೆಯಾಗಿ ಬೇಡಿದನು. ನೊಂದ ಮಗುವಿನ ಕೋಪಕ್ಕೆ ಕಾರಣವಿರುತ್ತದೆ. ಅದು ಇಳಿಯಲು ಕಾಲ ಬೇಕು. ಈ ಪ್ರಸಂಗದ ಸಾರವಿದು.

ಇಂದು ಈ ಕಾರ್ಯಕ್ಕೆ ಕಾನೂನಿನ ಚೌಕಟ್ಟಿದೆ. 2000ದ ಬಾಲನ್ಯಾಯ ಕಾಯ್ದೆಯ 42ನೆಯ ಕಲಮು ಪೋಷಕತ್ವವನ್ನು, ಅಂದರೆ ‘ಫಾಸ್ಟರ್ ಕೇರ್’ ವ್ಯವಸ್ಥೆಯನ್ನು ಹೇಳಿತು. 2015ರ ಕಾಯ್ದೆಯಲ್ಲಿ ಅದು 44ನೆಯ ಕಲಮಾಗಿದೆ. ಯಾವ ಮಗು ಯಾವ ಮನೆಗೆ ಎಂಬುದನ್ನು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯು ತೀರ್ಮಾನಿಸುತ್ತದೆ. 2024ರ ಪರಿಷ್ಕೃತ ಮಾರ್ಗಸೂಚಿಯು 35ರಿಂದ 60 ವರ್ಷದ ಒಂಟಿ ವ್ಯಕ್ತಿಗಳಿಗೂ ಅವಕಾಶ ನೀಡಿದೆ. ಪೋಷಕತ್ವವು ದತ್ತುವಲ್ಲ, ಹೆತ್ತವರ ಸಂಬಂಧವು ಇದರಿಂದ ಕಡಿಯುವುದಿಲ್ಲ. ಜೀವಂಧರನೂ ಕೊನೆಗೆ ಹೆತ್ತ ತಾಯಿಯನ್ನು ಕಂಡನಲ್ಲವೆ?

ಆದುದರಿಂದ ಪೋಷಕನಿಗೆ ಮಗುವು ಒಂದು ನ್ಯಾಸ, ಅಂದರೆ ನಂಬಿ ಒಪ್ಪಿಸಿದ ಒತ್ತೆ. ನ್ಯಾಸಾಪಹಾರವನ್ನು ತತ್ತ್ವಾರ್ಥಸೂತ್ರವು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದೆ. ಒಪ್ಪಿಸಿದ ಹಣದ ವಿಷಯದಲ್ಲಿ ವರ್ತಕನು ತೋರುವ ನಿಷ್ಠೆಯು ಒಪ್ಪಿಸಿದ ಮಗುವಿನ ವಿಷಯದಲ್ಲಿಯೂ ಇರಬೇಕು. ಮಗುವಿನ ಹಿಂದಿನ ಬದುಕನ್ನು ಅದರಿಂದ ಮರೆಮಾಚುವುದು ತರವಲ್ಲ. ವಯಸ್ಸಿಗೆ ತಕ್ಕಂತೆ ಮೆಲ್ಲಮೆಲ್ಲನೆ ತಿಳಿಸುವುದೇ ಮೇಲು.

ಅಹಿಂಸಾಣುವ್ರತದ ಅತಿಚಾರಗಳು ಐದು: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇಲ್ಲಿ ವಧವೆಂದರೆ ಹೊಡೆಯುವುದು. ಇವನ್ನು ಸಾಮಾನ್ಯವಾಗಿ ದನಕರುಗಳ ವಿಷಯದಲ್ಲಿ ವಿವರಿಸುವುದುಂಟು. ಹಟಮಾರಿ ಮಗುವನ್ನು ಕೋಣೆಯಲ್ಲಿ ಕೂಡಿಹಾಕುವುದು, ಹೊಡೆಯುವುದು, ಮೈಮುರಿಯೆ ದುಡಿಸುವುದು, ಊಟ ನಿಲ್ಲಿಸುವುದು ಇವೂ ಅವೇ ಅತಿಚಾರಗಳು. ಹಸಿವನ್ನು ಕಂಡ ಮಗು ಅನ್ನ ಬಚ್ಚಿಟ್ಟರೆ ಅದಕ್ಕೆ ಮದ್ದು ಉಪವಾಸವಲ್ಲ. ನಾಳೆಯೂ ಅನ್ನವಿದೆಯೆಂಬ ಭರವಸೆ. ಮನೆಯವರ ಕೈಮೀರಿದ ತೊಂದರೆಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮಾನಸಿಕ ಚಿಕಿತ್ಸೆಯ ವಿಭಾಗವಿದೆ. ಅಲ್ಲಿಗೆ ಕರೆದೊಯ್ಯುವುದು ಅವಮಾನದ ಮಾತಲ್ಲ.

ಮಾಯಸಂದ್ರ, ತುರುವೇಕೆರೆ, ತಿಪಟೂರು ಸೀಮೆಯವರಿಗೆ ತಾಳ್ಮೆಯ ಬೆಲೆಯನ್ನು ಬೇರೆಯಾಗಿ ಹೇಳಬೇಕಿಲ್ಲ. ಅಟ್ಟಕ್ಕೇರಿಸಿದ ಕಾಯಿ ಉಂಡೆಕೊಬ್ಬರಿಯಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯುತ್ತದೆ. ಅವಸರಪಟ್ಟು ಒಡೆದವನಿಗೆ ಕೊಬ್ಬರಿ ದೊರೆಯದು. ಇಷ್ಟು ಕಾಯಬಲ್ಲ ಗೃಹಸ್ಥರು ತಮ್ಮ ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಒಮ್ಮೆ ವಿಚಾರಿಸಲಿ. ದಾನಗಳಲ್ಲಿ ಅಭಯದಾನವು ದೊಡ್ಡದು. ಹೆದರಿದ ಮಗುವಿಗೆ ಹೆದರಿಕೆಯಿಲ್ಲದ ಮನೆಯೊಂದನ್ನು ಕೊಡುವುದೂ ಅದೇ ಆಗಿರುತ್ತದೆ.